ವಾರ್ಸಾದ ಸುದ್ದಿವಾಹಕ ಯಾನ್ ನೊವಾಕ್

ಪೋಲೆಂಡ್ ಎಂದೊಡನೆ ನಮ್ಮ ಕಥೋಲಿಕ ಕುಟುಂಬಗಳಿಗೆ ನೆನಪಾಗುವವರು ಸಂತ ಎರಡನೇ ಜಾನ್ ಪೌಲರು ಹಾಗೂ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು. ಅದೇ ನಾಡಿನ ಗೃಹಸ್ಥರೊಬ್ಬರ ಜೀವನವೂ ಅರಿಯತಕ್ಕದ್ದಾಗಿದೆ.

1914ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದ ಅವರ ನಿಜನಾಮ ಜ್ಡಿಸ್ಲಾವ್ ಯೆಜೊರಾನ್‌ಸ್ಕಿ. ಪೊಜ್ನಾನ್‌ನಲ್ಲಿ ಅರ್ಥಶಾಸ್ತ್ರ ಕಲಿತರು. 1939ರಲ್ಲಿ ಫಿರಂಗಿದಳದಲ್ಲಿದ್ದಾಗ ಜರ್ಮನರ ಕೈಗೆ ಸೆರೆಸಿಕ್ಕಿ, ತಪ್ಪಿಸಿಕೊಂಡು ವಾರ್ಸಾ ಸೇರಿದರು. ‘ಹೋಮ್ ಆರ್ಮಿ’ ಎಂಬ ಗುಪ್ತ ಸೇನೆಯಲ್ಲಿ ಯಾನ್ ನೊವಾಕ್ ಎಂಬ ಹೆಸರು ಧರಿಸಿ, ವಾರ್ಸಾದಿಂದ ಸ್ಟಾಕ್‌ಹೋಮಿಗೆ, ಅಲ್ಲಿಂದ ಲಂಡನ್ನಿಗೆ ರಹಸ್ಯ ವರದಿಗಳನ್ನು ಒಯ್ದರು. ಚರ್ಚಿಲ್ ಅವರನ್ನೂ ಕಂಡರು.

ಆದರೆ ಅತಿ ಕಠಿಣವಾದ ಸುದ್ದಿಯನ್ನು ಅವರು ಮುಟ್ಟಿಸಬೇಕಾಗಿದ್ದುದು ಸ್ವಜನರಿಗೇ. 1944ರ ಜುಲೈ ಅಂತ್ಯದಲ್ಲಿ ಇಟಲಿಯಿಂದ ವಿಮಾನದಲ್ಲಿ ರಾತ್ರೋರಾತ್ರಿ ಪೋಲೆಂಡಿಗೆ ಬಂದಿಳಿದ ಅವರು, ಮಿತ್ರರಾಷ್ಟ್ರಗಳಿಂದ ಹೆಚ್ಚಿನ ನೆರವನ್ನು ನಿರೀಕ್ಷಿಸಲಾಗದೆಂದು ಸೇನಾನಾಯಕರಿಗೆ ಅರುಹಿದರು. ಆದರೂ ಆಗಸ್ಟ್ 1ರಂದು ದಂಗೆ ಆರಂಭವಾಯಿತು. 63 ದಿನಗಳ ಆ ಹೋರಾಟದಲ್ಲಿ 1,50,000ಕ್ಕೂ ಮಿಕ್ಕಿ ನಾಗರಿಕರು ಮಡಿದರು. ‘ಮಿಂಚು’ ಎಂಬರ್ಥದ ಹೆಸರಿನ ಗುಪ್ತ ಬಾನುಲಿಯಿಂದ ನೊವಾಕ್ ಇಂಗ್ಲಿಷಿನಲ್ಲಿ ಲೋಕಕ್ಕೆ ಮೊರೆಯಿಟ್ಟರು. ನಗರವು ಉರಿಯುತ್ತಿರುವಾಗಲೇ, ಸೆಪ್ಟೆಂಬರ್ 7ರಂದು, ಗುಪ್ತ ಸೇನೆಯ ಸಂದೇಶವಾಹಕಿ ಯಾದ್ವಿಗಾ ಅವರೊಡನೆ ವಿವಾಹ ಸಂಸ್ಕಾರ ಪಡೆದರು. ನವದಂಪತಿಗಳು ಶತ್ರುವಿನ ಜರ್ಮನಿಯನ್ನೇ ಹಾದು, ಸ್ವಿಟ್ಜರ್ಲೆಂಡ್ ಮಾರ್ಗವಾಗಿ ಲಂಡನ್ ತಲುಪಿದರು. ತಮ್ಮ ನಾಡು ಸೋವಿಯತ್ ಹಿಡಿತಕ್ಕೆ ಹೋದುದನ್ನು ದೂರದಿಂದಲೇ ನೋಡಬೇಕಾಯಿತು.

ಬಿಬಿಸಿಯಲ್ಲಿ ಕೆಲಕಾಲ ದುಡಿದ ಬಳಿಕ, 1952ರಿಂದ 1976ರವರೆಗೆ ಮ್ಯೂನಿಕ್‌ನ ‘ರೇಡಿಯೊ ಫ್ರೀ ಯುರೋಪ್’ನ ಪೋಲಿಷ್ ವಿಭಾಗವನ್ನು ನಡೆಸಿದರು. ಬಹುಕಾಲ ಆ ಕೇಂದ್ರಕ್ಕೆ ಹಣ ಬರುತ್ತಿದ್ದುದು ಅಮೆರಿಕದ ಗುಪ್ತಚರ ಸಂಸ್ಥೆಯಿಂದ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ 1953ರಲ್ಲಿ ಕಾರ್ಡಿನಲ್ ವಿಶಿನ್‌ಸ್ಕಿಯವರು ಬಂಧಿತರಾದಾಗ, ಪೋಲೆಂಡಿನ ಪತ್ರಿಕೆಗಳು ಬರೆಯಲಾಗದುದನ್ನು ಹೇಳಲು ಬೇರೆ ದನಿಗಳು ವಿರಳವಾಗಿದ್ದವು. ಸರಕಾರವು ಪ್ರಸಾರಕ್ಕೆ ಕರ್ಕಶ ಸದ್ದು ಬೆರೆಸಿ ಅಡ್ಡಿಪಡಿಸಿದರೂ ಜನರು ಕಿವಿಗೊಟ್ಟು ಆಲಿಸಿದರು.

1956ರ ಅಕ್ಟೋಬರದಲ್ಲಿ ನಾಡು ಮತ್ತೆ ಕುದಿಯಿತು. ಒಂದು ಮಾತಿನಿಂದ ಯುವಜನರನ್ನು ಬೀದಿಗಿಳಿಸಬಹುದಾಗಿತ್ತು. ವಾರ್ಸಾದ ಬೂದಿಯನ್ನು ಕಂಡಿದ್ದ ನೊವಾಕ್ ಸಂಯಮವನ್ನೇ ಬೋಧಿಸಿದರು. ಹಂಗೆರಿಯಲ್ಲಿ ಹರಿದ ರಕ್ತ ಆ ದಿನಗಳಲ್ಲಿ ಪೋಲೆಂಡಿನಲ್ಲಿ ಹರಿಯಲಿಲ್ಲ; ಕಾರ್ಡಿನಲರೂ ಬಿಡುಗಡೆಗೊಂಡರು. ಯುದ್ಧಕಾಲದ ಸಾಹಸಗಳಿಗಿಂತ ಈ ಸಂಯಮವೇ ಹಿರಿದೆಂದು ಈ ಲೇಖಕನಿಗೆ ತೋರುತ್ತದೆ.

ನಿವೃತ್ತಿಯ ನಂತರ ಅಮೆರಿಕದಲ್ಲಿ ನೆಲೆಸಿದ ಅವರು, 45 ವರ್ಷಗಳ ಬಳಿಕ 1989ರಲ್ಲಿ ತಾಯ್ನಾಡನ್ನು ಕಂಡರು. 1999ರಲ್ಲಿ ಪತ್ನಿ ತೀರಿಕೊಂಡರು. 2002ರಲ್ಲಿ ಒಬ್ಬರೇ ವಾರ್ಸಾಕ್ಕೆ ಮರಳಿ, 2005ರ ಜನವರಿ 20ರಂದು ಅಲ್ಲಿಯೇ ಕಣ್ಮುಚ್ಚಿದರು.