ಮಾನವಿಯ ಶ್ರೀ ಜಗನ್ನಾಥದಾಸರು

ರಾಯಚೂರು ಸೀಮೆಯ ಮಾನವಿಗೆ ಸಮೀಪದ ಬ್ಯಾಗವಟ ಗ್ರಾಮದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರೇ ಮುಂದೆ ಶ್ರೀ ಜಗನ್ನಾಥದಾಸರೆಂದು ಪ್ರಖ್ಯಾತರಾದರು. ಅವರ ಶಾಸ್ತ್ರಾಧ್ಯಯನ ನಡೆದದ್ದು ಶ್ರೀ ರಾಘವೇಂದ್ರಸ್ವಾಮಿಗಳ ಪರಂಪರೆಯ ಶ್ರೀ ವರದೇಂದ್ರತೀರ್ಥರ ಸನ್ನಿಧಿಯಲ್ಲಿ. ಕಾವ್ಯ, ವ್ಯಾಕರಣ, ತರ್ಕಗಳನ್ನು ದಾಟಿ ಟೀಕಾಗ್ರಂಥಗಳಿಗೆ ಏರುವ ಪಾಠಕ್ರಮ, ತಪ್ಪಿದರೆ ಅಲ್ಲಿಯೇ ತಿದ್ದುವ ವಿದ್ವತ್ಸಭೆ. ಶತಮಾನಗಳ ಕಾಲ ಶಾಸ್ತ್ರವನ್ನು ಅಳಿಯದಂತೆ ಕಾಯ್ದದ್ದು ಈ ಶಿಸ್ತೇ. ಆದರೆ ಆ ಬಾಗಿಲು ಕಿರಿದು. ಸಂಸ್ಕೃತವರಿಯದ ಗೃಹಸ್ಥರೂ ಸ್ತ್ರೀಯರೂ ಹೊರಗೇ ಉಳಿದರು; ಒಳಗಿದ್ದವರಿಗೆ ಕನ್ನಡದ ಪದಗಳು ಶಾಸ್ತ್ರವೆನಿಸಲಿಲ್ಲ. ತರುಣ ಆಚಾರ್ಯರ ಭಾವನೆಯೂ ಅದೇ ಆಗಿತ್ತು.

ಮಾನವಿಗೆ ದಯಮಾಡಿಸಿದ ಶ್ರೀ ವಿಜಯದಾಸರು ತೀರ್ಥಪ್ರಸಾದಕ್ಕೆ ಆಹ್ವಾನಿಸಿದಾಗ, ಆಚಾರ್ಯರು ಉದರಬಾಧೆಯ ನೆಪವೊಡ್ಡಿ ತಪ್ಪಿಸಿಕೊಂಡರು. ವಿಜಯದಾಸರು ವೈಕುಂಠವಾಸಿಗಳಾದದ್ದು 1755ರಲ್ಲಿ. ಆದ್ದರಿಂದ ಆಗ ಆಚಾರ್ಯರ ವಯಸ್ಸು ಇಪ್ಪತ್ತೇಳನ್ನು ಮೀರಿರಲಾರದು. ಆ ವಯಸ್ಸಿಗೆ ಪಾಂಡಿತ್ಯದ ಬಿಸಿ ಸಹಜವೇ. ನೆಪವೇ ನಿಜವಾಗಿ ವ್ಯಾಧಿ ಅಂಟಿತೆಂದೂ, ಔಷಧ, ಸೇವೆಗಳಾವುವೂ ಫಲಿಸದೆ ವಿಜಯದಾಸರಿಗೇ ಶರಣಾದರೆಂದೂ, ಅವರು ಉತ್ತನೂರಿನ ಶ್ರೀ ಗೋಪಾಲದಾಸರ ಬಳಿಗೆ ಕಳುಹಿದರೆಂದೂ ಸಂಪ್ರದಾಯ ಹೇಳುತ್ತದೆ. ಗೋಪಾಲದಾಸರು ಮಂತ್ರಿಸಿದ ಜೋಳದ ರೊಟ್ಟಿಯನ್ನಿತ್ತು, ಗುರುಗಳ ಆಜ್ಞೆಯಂತೆ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರು. ಪಂಢರಪುರದ ಚಂದ್ರಭಾಗೆಯಲ್ಲಿ ಮಿಂದಾಗ ಆಚಾರ್ಯರಿಗೆ ಜಗನ್ನಾಥವಿಠಲನೆಂಬ ಅಂಕಿತ ಲಭಿಸಿತು.

ಕಲಿತ ವಿದ್ಯೆಯನ್ನು ದಾಸರು ಕೈಬಿಡಲಿಲ್ಲ. ಅದರ ಭಾಷೆಯನ್ನು ಬದಲಿಸಿದರು. ಹರಿಕಥಾಮೃತಸಾರವು ಭಾಮಿನಿ ಷಟ್ಪದಿಯಲ್ಲಿದೆ. ಅದಕ್ಕೆ 32 ಸಂಧಿಗಳು. ಬಿಂಬೋಪಾಸನೆ, ತಾರತಮ್ಯ ಮುಂತಾದ ಕಠಿಣ ಪ್ರಮೇಯಗಳನ್ನು ಅವರು ಎಲ್ಲಿಯೂ ಸಡಿಲಿಸಿಲ್ಲ. ಮಠದ ಪಾಠವಿಲ್ಲದಿದ್ದರೆ ಈ ಗ್ರಂಥಕ್ಕೆ ತೂಕವಿರುತ್ತಿರಲಿಲ್ಲ, ದಾಸರ ಸಂಗವಿಲ್ಲದಿದ್ದರೆ ಅದು ಕನ್ನಡದಲ್ಲಿ ಹುಟ್ಟುತ್ತಲೇ ಇರಲಿಲ್ಲ. ಭೋಜನಕ್ಕೆ ಬಾರದೆ ನೊಂದವರೇ ಇದರಲ್ಲಿ ಭೋಜನಸಂಧಿಯನ್ನು ರಚಿಸಿ, ಉಣ್ಣುವ ಕ್ರಿಯೆಯನ್ನೇ ಹರಿಯ ಪೂಜೆಯಾಗಿ ಅನುಸಂಧಾನ ಮಾಡುವ ಬಗೆಯನ್ನು ತಿಳಿಸಿದರು. ತತ್ತ್ವಸುವ್ವಾಲಿಯಲ್ಲಂತೂ ಅವರು ಇನ್ನೂ ಮುಂದೆ ಹೋದರು. ಕುಟ್ಟುವಾಗ ಬೀಸುವಾಗ ಹೆಂಗಳೆಯರು ಹಾಡಿಕೊಳ್ಳುವ ತ್ರಿಪದಿಯ ಧಾಟಿಗೇ ತತ್ತ್ವವನ್ನು ಹೊಂದಿಸಿದರು. ಪಾಠಶಾಲೆಯ ಹೊಸ್ತಿಲು ತುಳಿಯದವರಿಗೆ ಒರಳುಕಲ್ಲಿನ ಬಳಿಯೇ ಪಾಠ ದೊರೆಯಿತು.

1809ರ ಭಾದ್ರಪದ ಶುದ್ಧ ನವಮಿಯಂದು ದಾಸರು ಮಾನವಿಯಲ್ಲಿ ಹರಿಪಾದವನ್ನು ಸೇರಿದರು. ಅವರು ವಾಸಿಸಿದ ಮನೆಯ ಸ್ತಂಭದಲ್ಲಿ ಅವರ ಸನ್ನಿಧಾನವಿದೆಯೆಂದು ನಂಬಿದ ಭಕ್ತರು ಇಂದಿಗೂ ಅಲ್ಲಿ ಸೇವೆ ಸಲ್ಲಿಸುತ್ತಾರೆ. ಕರ್ನಾಟಕದಿಂದ ದೂರದ ನಗರಗಳಲ್ಲಿಯೂ ಭಜನಾಮಂಡಳಿಗಳ ಮಾತೆಯರು ಹರಿಕಥಾಮೃತಸಾರವನ್ನು ಪುಸ್ತಕ ನೋಡದೆ ಪಾರಾಯಣ ಮಾಡುತ್ತಾರೆ.