ಕಾಟಾದಲ್ಲಿ ತೂಗಲಾಗದ ದುಡಿಮೆ

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ನನ್ನ ಮಗಳ ಮನೆಯಿದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಅಲ್ಲಿಗೆ ಹೋದಾಗಲೆಲ್ಲ ಸಕ್ಕರೆ ಕಾರ್ಖಾನೆಯ ಕಾಟಾದತ್ತ ಸಾಲುಗಟ್ಟಿದ ಟ್ರ್ಯಾಕ್ಟರುಗಳನ್ನು ನೋಡುತ್ತ ನಿಲ್ಲುತ್ತೇನೆ. ತುಂಬಿದ ಗಾಡಿಯ ತೂಕದಲ್ಲಿ ಬರಿದಾದ ಗಾಡಿಯ ತೂಕ ಕಳೆದರೆ ಉಳಿಯುವುದು ರೈತನ ವರ್ಷದ ದುಡಿಮೆ. ದರದ ಬಗ್ಗೆ ತಕರಾರಿರಬಹುದು. ಟನ್ನು ಎಂದರೇನೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅರ್ಥಶಾಸ್ತ್ರ ಓದಿದ ನನಗೆ ಆಗ ನೆನಪಾಗುವುದು, ಇಂಥ ಯಾವ ಕಾಟಾಕ್ಕೂ ಒಗ್ಗದ ಕೆಲಸ ಮಾಡಿದ ಚಿತ್ರಕಲಾವಿದ ಕೆ. ವೆಂಕಟಪ್ಪನವರು.

ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಅವರು, ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಸಹಪಾಠಿ. ಅಜಂತಾದ ಭಿತ್ತಿಚಿತ್ರಗಳನ್ನು ಪ್ರತಿ ಮಾಡಲು ಲೇಡಿ ಹೆರಿಂಗ್‌ಹ್ಯಾಮ್ ಕಟ್ಟಿದ ತಂಡದಲ್ಲಿ ಇವರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹೆಸರಿನಲ್ಲಿ 1913ರಲ್ಲಿ ಹೊರಬಂದ ಪುರಾಣಕಥೆಗಳ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು.

ನಮ್ಮ ಪ್ರಾಚೀನರು ಚಿತ್ರಕಲೆಗೆ ಆರು ಅಂಗಗಳನ್ನು ಹೇಳಿದ್ದಾರೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಈ ಷಡಂಗಗಳನ್ನು ಮತ್ತೆ ಚರ್ಚೆಗೆ ತಂದವರಲ್ಲಿ ಅವನೀಂದ್ರನಾಥರು ಪ್ರಮುಖರು. ಅವು ಕಣ್ಣಿಗೆ ಕಾಣಬೇಕೆಂದರೆ ವೆಂಕಟಪ್ಪನವರು 1926ರ ಸುಮಾರಿಗೆ ಬರೆದ ಊಟಿಯ ಜಲವರ್ಣಗಳ ಮುಂದೆ ನಿಲ್ಲಬೇಕು. ಹತ್ತಿರದ ಮರ ಗಾಢ, ದೂರದ ಬೆಟ್ಟ ತಿಳಿ. ನಡುವಿನ ಮಂಜು ಬಣ್ಣದ ಮಟ್ಟದಿಂದಲೇ ದೂರವನ್ನು ಹೇಳುತ್ತದೆ. ಅರಮನೆಗಾಗಿ ಅವರು ಮಾಡಿದ ಗಾರೆಯ ಉಬ್ಬುಶಿಲ್ಪಗಳಲ್ಲಿ ಬಣ್ಣವೂ ಇಲ್ಲ. ಕೆಲವೇ ಎಳೆಯಷ್ಟು ಏರಿಳಿತದ ಮೇಲೆ ಬೆಳಕು ಬಿದ್ದು ಆಕೃತಿ ಮೂಡುತ್ತದೆ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ ಕೈ ಅದು. ಅವಿವಾಹಿತರಾಗಿ ಉಳಿದು, ಆತುರವನ್ನು ದೂರವಿಟ್ಟು ಬದುಕಿದರು.

1940ರಲ್ಲಿ ಮಹಾರಾಜರು ತೀರಿಕೊಂಡ ಮೇಲೆ ಅರಮನೆಯ ಕೆಲಸ ನಿಂತಿತು. ವೆಂಕಟಪ್ಪನವರು ತಮಗೆ ಸಲ್ಲಬೇಕಾದ ಪ್ರತಿಫಲಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತಲೆಮಾರುಗಳಿಂದ ಅರಮನೆಯ ಅನ್ನ ಉಂಡ ಮನೆತನದವರೊಬ್ಬರು ಅರಮನೆಯ ವಿರುದ್ಧವೇ ದಾವೆ ಹೂಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಕಲಾವಿದ ಕೊಡುಗೆಗಾಗಿ ಕೈ ಚಾಚುವವನಲ್ಲ, ದುಡಿಮೆಗೆ ಬೆಲೆ ಕೇಳುವ ಹಕ್ಕುಳ್ಳವನು ಎಂಬ ಮಾತು ಆ ದಾವೆಯೊಳಗಿತ್ತು. ಬಳಿಕ ಬೆಂಗಳೂರಿನಲ್ಲಿ ಏಕಾಂತದ ಬದುಕು ನಡೆಸಿ 1965ರಲ್ಲಿ ಕಣ್ಮುಚ್ಚಿದರು.

ಇದನ್ನು ಬರೆಯುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಒಂದು ಕಚೇರಿಯ ಗೋಡೆಗೆ ಚಿತ್ರ ಬರೆಸಿದ್ದೆವು. ಕಲಾವಿದ ತನ್ನ ಬಿಲ್ಲಿನಲ್ಲಿ ಕರಡು ರೇಖಾಚಿತ್ರಗಳಿಗೆ ಹಿಡಿದ ಒಂದು ತಿಂಗಳ ದುಡಿಮೆಯನ್ನೂ ಸೇರಿಸಿದ್ದ. ನಾನು ಗೋಡೆಯನ್ನು ಅಳೆಸಿ, ಸುಣ್ಣಬಣ್ಣದ ಕೆಲಸದಂತೆ ಚದರಡಿ ಲೆಕ್ಕದಲ್ಲಿ ಮೊತ್ತವನ್ನು ಇಳಿಸಿ ಸಹಿ ಮಾಡಿದೆ. ಲೆಕ್ಕ ತನಿಖೆಯಲ್ಲಿ ಯಾವ ಆಕ್ಷೇಪಣೆಯೂ ಬರಲಿಲ್ಲ. ಆತ ಮಾತಾಡದೆ ಹಣ ಪಡೆದು ಹೋದ. ಆ ಮೌನ ಇಂದಿಗೂ ನನ್ನನ್ನು ಬಿಟ್ಟಿಲ್ಲ.

1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಆರಂಭವಾಯಿತು. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಸರ್ಕಾರ ಮುಂದಾದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಕಟ್ಟಡದ ನಿರ್ವಹಣಾ ವೆಚ್ಚವನ್ನು ಆಡಳಿತ ಲೆಕ್ಕ ಹಾಕಬಲ್ಲದು, ಹಾಕಲೂ ಬೇಕು. ಆದರೆ ಒಳಗಿರುವುದರ ಬೆಲೆ ಅದೇ ಕಡತದಲ್ಲಿ ಸಿಗುವುದಿಲ್ಲ. ಸಹಿ ಹಾಕುವ ಅಧಿಕಾರಿ ಒಮ್ಮೆಯಾದರೂ ಆ ಊಟಿಯ ಮಂಜಿನ ಮುಂದೆ ನಿಂತು ಬಂದಿರಬೇಕು. ನಾನು ನಿಂತದ್ದು ನಿವೃತ್ತಿಯ ನಂತರ.