ಗಳಗನಾಥರ ಪುಸ್ತಕದ ಗಂಟು

ನಮ್ಮ ಮನೆಯಲ್ಲಿ ಕಥೆ ಪುಸ್ತಕ ಎಂದರೆ ದಾದಾ ಅವರ ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಇಬ್ನೆ ಸಫಿ ಅವರ ಉರ್ದು ಪತ್ತೇದಾರಿ ಕಾದಂಬರಿಗಳಿವೆ. ಅಲಹಾಬಾದಿನಿಂದ 1952ರಲ್ಲಿ ಶುರುವಾದ ಜಾಸೂಸಿ ದುನಿಯಾ ಮಾಲೆಯವು. ಹಾಳೆ ಹಳದಿಯಾಗಿವೆ, ಮುಟ್ಟಿದರೆ ಮುರಿಯುತ್ತವೆ. ಫರೀದಿ, ಹಮೀದ್, ಇಮ್ರಾನ್ ಇವರೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಕನ್ನಡ ಮಾತ್ರ ನನಗೆ ಶಾಲೆಯ ಭಾಷೆ, ಬಸ್ಸಿನ ಬೋರ್ಡಿನ ಭಾಷೆ, ಅಂಗಡಿಯ ಭಾಷೆ. ಆ ಭಾಷೆಯಲ್ಲಿ ರಾತ್ರಿ ನಿದ್ದೆಗೆಟ್ಟು ಓದುವ ಕಥೆ ಇರುತ್ತದೆ ಎಂದು ನನಗೆ ಅನಿಸಿರಲೇ ಇಲ್ಲ. ಪಠ್ಯದ ಕಥೆ ಓದುವುದು ಪ್ರಶ್ನೆಗೆ ಉತ್ತರ ಬರೆಯಲು ಎಂದುಕೊಂಡಿದ್ದೆ.

ಕಳೆದ ವರ್ಷ ಕನ್ನಡ ಉಪನ್ಯಾಸಕರು ತಮ್ಮ ಸ್ವಂತ ಪುಸ್ತಕವೊಂದನ್ನು ನನ್ನ ಕೈಗೆ ಕೊಟ್ಟರು. ಕನ್ನಡಿಗರ ಕರ್ಮಕಥೆ ಎಂದು ಹೆಸರು, ಬರೆದವರು ಗಳಗನಾಥ. ಮೊದಲ ಹತ್ತು ಪುಟ ಕಷ್ಟವಾಯಿತು. ವಾಕ್ಯಗಳು ಉದ್ದ, ಮಾತು ಹಳೆಯದು. ಆಮೇಲೆ ಕಥೆ ನನ್ನನ್ನು ಹಿಡಿದುಕೊಂಡಿತು. ಬಗದಲ್‌ನಿಂದ ಬೀದರಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದೇನೆ, ಒಮ್ಮೆ ಇಳಿಯಬೇಕಾದ ನಿಲ್ದಾಣವನ್ನೂ ತಪ್ಪಿಸಿಕೊಂಡಿದ್ದೇನೆ. ಇಷ್ಟು ಚೆನ್ನಾಗಿ ಕಥೆ ಹೇಳುವ ಮನುಷ್ಯ ಯಾರು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮಗೆ ಹೇಳುತ್ತೇನೆ.

ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಎಂಬ ಹಳ್ಳಿಯಲ್ಲಿ. ವರದಾ ನದಿ ಬಂದು ತುಂಗಭದ್ರೆಗೆ ಸೇರುವ ಜಾಗ ಅದು. ಊರಿನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡರು. ಆ ಪ್ರದೇಶ ಆಗ ಬ್ರಿಟಿಷರ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಕಚೇರಿಯಲ್ಲಿ, ಓದಿದವರ ನಡುವೆ ಮರಾಠಿಗೆ ಹೆಚ್ಚು ಮರ್ಯಾದೆ. ಮನೆಯಲ್ಲಿ ಕನ್ನಡ ಮಾತಾಡುವವರೂ ಓದುವುದಕ್ಕೆ ಮರಾಠಿ ಪುಸ್ತಕ ತೆಗೆದುಕೊಳ್ಳುತ್ತಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಬೀದರೇ ನೆನಪಾಯಿತು. ಇಲ್ಲಿ 1948ರವರೆಗೆ ನಿಜಾಮರ ಆಡಳಿತ, ಕಚೇರಿಯೂ ಶಾಲೆಯೂ ಉರ್ದುವಿನಲ್ಲಿ. ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಿದರು. ನಾನು ಉರ್ದು ಮನೆಯಿಂದ ಬಂದು ಕನ್ನಡದಲ್ಲಿ ಓದುತ್ತಿದ್ದೇನೆ. ಕಾಲ ತಿರುಗಿದೆ, ಅಷ್ಟೆ.

ಗಳಗನಾಥರು ಧಾರವಾಡದಲ್ಲಿ ತರಬೇತಿ ಪಡೆದು ಶಾಲಾ ಮಾಸ್ತರರಾದರು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಆಗ ಹೊಸದು, 1890ರಲ್ಲಿ ಹುಟ್ಟಿದ್ದು. ಕನ್ನಡದಲ್ಲಿ ಪುಸ್ತಕ ಬರೆಯುವವರಿಗೆ ಅದು ಬಹುಮಾನ ಕೊಡುತ್ತಿತ್ತು. ಇವರ ಪ್ರಬುದ್ಧ ಪದ್ಮನಯನೆ ಎಂಬ ಕಾದಂಬರಿಗೆ ಆ ಬಹುಮಾನ ಬಂತು. ಅಲ್ಲಿಂದ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಮಾಸ್ತರಿಕೆಯನ್ನೇ ಬಿಟ್ಟರು. ಸಂಸಾರ ಇದ್ದ ಮನುಷ್ಯ, ತಿಂಗಳ ಸಂಬಳ ಬಿಟ್ಟು ಕಾದಂಬರಿ ಬರೆಯಲು ಹೊರಟರೆ ನಮ್ಮ ಮನೆಗಳಲ್ಲಿ ಏನು ಹೇಳುತ್ತಾರೆಂದು ನೀವೇ ಯೋಚಿಸಿ. ಹಾವೇರಿಯ ಹತ್ತಿರದ ಅಗಡಿಯಲ್ಲಿ 1907ರಲ್ಲಿ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಶುರುವಾಗಿತ್ತು. ಅದರ ಕೆಲಸಕ್ಕೆ ನಿಂತು, ಅದರಲ್ಲಿ ಕಾದಂಬರಿಗಳನ್ನು ಕಂತು ಕಂತಾಗಿ ಹಾಕಿದರು. ಮುಂದಿನ ಕಂತಿಗಾಗಿ ಜನ ತಿಂಗಳು ಕಾಯುತ್ತಿದ್ದರು. ಈಗ ನಾವು ಧಾರಾವಾಹಿಯ ಮುಂದಿನ ಎಪಿಸೋಡಿಗೆ ಕಾಯುವ ಹಾಗೆಯೇ. ಆಮೇಲೆ ಅವರು ಸದ್ಗುರು ಎಂಬ ತಮ್ಮದೇ ಪತ್ರಿಕೆಯನ್ನೂ ನಡೆಸಿದರು.

ಆದರೆ ಪತ್ರಿಕೆ, ಬಹುಮಾನ ಇವಕ್ಕಿಂತ ನನಗೆ ಮರೆಯಲಾಗದ್ದು ಬೇರೆ. ಅಚ್ಚಾದ ಪುಸ್ತಕಗಳನ್ನು ಗಂಟು ಕಟ್ಟಿ, ಆ ಗಂಟನ್ನು ತಾವೇ ಹೊತ್ತುಕೊಂಡು ಊರೂರಿಗೆ ಹೋಗಿ ಮಾರುತ್ತಿದ್ದರು. ಪುಸ್ತಕದ ಅಂಗಡಿಗಳು ಎಲ್ಲಿದ್ದವು ಆಗ? ಓದುಗರು ಬರಲಿ ಎಂದು ಕಾಯದೆ ಓದುಗರ ಬಾಗಿಲಿಗೇ ಹೋದರು. ನಮ್ಮ ಬಗದಲ್‌ಗೆ ಬೆಡ್‌ಶೀಟಿನ ಗಂಟು ಹೊತ್ತು ಬರುವವರನ್ನು ನಾನು ನೋಡಿದ್ದೇನೆ. ಕಾದಂಬರಿ ಬರೆದವರೇ ಹಾಗೆ ಬಂದು ಕಟ್ಟೆಯ ಮೇಲೆ ಗಂಟು ಬಿಚ್ಚುವುದನ್ನು ಕಲ್ಪಿಸಿಕೊಂಡರೆ ನಗುವೂ ಬರುತ್ತದೆ, ಗಂಟಲೂ ಕಟ್ಟುತ್ತದೆ. ಅವರನ್ನು ಕನ್ನಡ ಕಾದಂಬರಿಯ ಪಿತಾಮಹ ಎಂದು ಕರೆಯುತ್ತಾರೆ. ಆದರೂ ದುಡ್ಡು ಮಾತ್ರ ಅವರ ಕೈಯಲ್ಲಿ ನಿಲ್ಲಲಿಲ್ಲ. 1942ರಲ್ಲಿ ತೀರಿಕೊಂಡರು.

ಅವರು ಬರೆದದ್ದೆಲ್ಲ ಸ್ವಂತದ್ದಲ್ಲ ಎಂಬುದನ್ನೂ ಹೇಳಬೇಕು. ಮರಾಠಿಯ ದೊಡ್ಡ ಕಾದಂಬರಿಕಾರ ಹರಿ ನಾರಾಯಣ ಆಪ್ಟೆಯವರ ಕಥೆಗಳನ್ನು ಹೆಚ್ಚಾಗಿ ಕನ್ನಡಕ್ಕೆ ತಂದರು. ಕರ್ಮಕಥೆಯೂ ಆಪ್ಟೆಯವರ ವಜ್ರಾಘಾತದಿಂದ ಬಂದದ್ದು. ಇದನ್ನು ಕೇಳಿ ನಮ್ಮ ಕ್ಲಾಸಿನ ಒಬ್ಬರು, ಹಾಗಾದರೆ ಇವರದೇನು ದೊಡ್ಡಸ್ತಿಕೆ ಅಂದರು. ನನಗೆ ಹಾಗನ್ನಿಸುವುದಿಲ್ಲ. ಮರಾಠಿ ಓದುತ್ತಿದ್ದ ಜನರನ್ನು ಕನ್ನಡಕ್ಕೆ ಕರೆತರಲು ಅವರು ಓದುತ್ತಿದ್ದ ಕಥೆಯನ್ನೇ ಕನ್ನಡದಲ್ಲಿ ಕೊಟ್ಟರು, ಅದು ಜಾಣತನ. ಅಲ್ಲದೆ ಮಾಧವ ಕರುಣಾ ವಿಲಾಸದಂಥ ಸ್ವಂತ ಕಾದಂಬರಿಯೂ ಇದೆ. ಅದು ವಿಜಯನಗರ ಹುಟ್ಟಿದ ಕಥೆ. ಕರ್ಮಕಥೆ ವಿಜಯನಗರ ಬಿದ್ದ ಕಥೆ.

ನನಗೆ ತೊಡಕು ಬಂದದ್ದು ಇಲ್ಲೇ. ಇದು 1565ರ ಯುದ್ಧದ ಕಥೆ, ನಾವು ಪಾಠದಲ್ಲಿ ತಾಳಿಕೋಟೆ ಕದನ ಎಂದು ಓದಿದ್ದು. ಪುಸ್ತಕದ ಹೆಸರಿನ ಪ್ರಕಾರ ಸೋತವರು ಕನ್ನಡಿಗರು. ಗೆದ್ದವರು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಮತ್ತು ನಮ್ಮ ಬೀದರಿನ ಸುಲ್ತಾನರು. ಬೀದರಿನಿಂದ ಹೋದವನು ಅಲಿ ಬರೀದ್ ಷಾ. ಕೋಟೆಯ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪಿನ ಕೆಲಸ ನೋಡಿದ್ದೀರಲ್ಲ, ಅದನ್ನು ಮಾಡಿಸಿದವನು. ನಾಲ್ಕೂ ಕಡೆ ತೆರೆದ ಅವನ ಗೋರಿಯ ನೆರಳಲ್ಲಿ ಕೂತು ನಾವು ಪಿಕ್ನಿಕ್‌ನ ಬುತ್ತಿ ತಿಂದಿದ್ದೇವೆ. ಹಾಗಾದರೆ ನಾನು ಯಾರ ಕಡೆ? ಮನೆಗೆ ಬಂದ ನೆಂಟರೊಬ್ಬರು ಪುಸ್ತಕ ತಿರುವಿ ನೋಡಿ, ನಮ್ಮವರನ್ನು ಕೆಟ್ಟವರಾಗಿ ತೋರಿಸಿರುತ್ತಾರೆ, ಇದನ್ನೇಕೆ ಓದುತ್ತೀಯ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಕೆಲವು ಕಡೆ ನನಗೂ ಮನಸ್ಸಿಗೆ ಚುಚ್ಚಿತ್ತು. ಎರಡು ದಿನ ಪುಸ್ತಕ ಮುಚ್ಚಿಟ್ಟೆ.

ಮತ್ತೆ ತೆಗೆದದ್ದು ಮೆಹರ್ಜಾನ್‌ಗಾಗಿ. ಕಾದಂಬರಿಯ ನಡುವೆ ಇರುವವಳು ಅವಳೇ. ರಾಮರಾಯ ಯೌವನದಲ್ಲಿ ಅವಳನ್ನು ಪ್ರೀತಿಸುತ್ತಾನೆ, ರಾಜ್ಯದ ಆಸೆಗೆ ಕೈಬಿಡುತ್ತಾನೆ. ಅವಳ ಮಗ ರಣಮಸ್ತಖಾನ ಅಪ್ಪ ಯಾರೆಂದು ತಿಳಿಯದೆ ಬೆಳೆದು ಅಪ್ಪನ ಎದುರಿಗೇ ನಿಲ್ಲುತ್ತಾನೆ. ಕೊನೆ ಏನಾಗುತ್ತದೆಂದು ಹೇಳುವುದಿಲ್ಲ, ಓದಿ. ಇದು ಕಟ್ಟುಕಥೆ, ಚರಿತ್ರೆಯಲ್ಲ. ಆದರೆ ಆ ಯುದ್ಧವನ್ನು ಎರಡು ಧರ್ಮಗಳ ಜಗಳ ಎಂದು ತಿಳಿದಿದ್ದ ನನಗೆ, ಅದು ಒಂದೇ ಮನೆಯೊಳಗಿನ ಜಗಳವಾಗಿ ಕಂಡಿತು. ಆಮೇಲೆ ಚರಿತ್ರೆಯ ಪುಸ್ತಕ ತೆಗೆದರೆ ಅಲ್ಲಿಯೂ ಗೆರೆ ನೇರವಾಗಿಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಸುಲ್ತಾನನಾಗುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸೈನಿಕರಿದ್ದರು. ಯಾರ ಕಡೆ ಎಂಬ ಪ್ರಶ್ನೆಯನ್ನು ಆ ಕಾಲದವರಿಗೇ ಕೇಳಿದ್ದರೂ ಅವರು ತಡವರಿಸುತ್ತಿದ್ದರೇನೋ.

ಗಳಗನಾಥರು ತಮ್ಮ ಕಾಲದವರು. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ, ಒಪ್ಪದೆಯೂ ಕೊನೆಯವರೆಗೆ ಓದಿದೆ. ಅಲ್ಲಿಂದ ಬೇರೆ ಬೇರೆ ಬಗೆಯ ಪುಸ್ತಕಗಳಿಗೆ ಹೋದೆ. ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ ಸಿಕ್ಕಿತು. ನಾದಿರಾಳ ಕಥೆ ಓದಿ ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ, ಅಮ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು. ಬೊಳುವಾರರ ಕಥೆಗಳಲ್ಲಿ ನಗು ಬಂತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಓಣಿಯಲ್ಲೂ ಆ ಸುದ್ದಿ ಓಡಾಡಿತು. ಕನ್ನಡದಲ್ಲಿ ನಮ್ಮ ಮನೆಯ ಮಾತೂ ಇದೆ ಎಂದು ನನಗೆ ತಿಳಿದದ್ದು ಹೀಗೆ ಸುತ್ತಿಬಳಸಿ, ನೂರು ವರ್ಷ ಹಿಂದಿನ ಒಬ್ಬ ಹಾವೇರಿ ಕಡೆಯ ಮಾಸ್ತರರ ಮೂಲಕ.

ಈಗ ದಾದಾ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ರಾತ್ರಿ ಊಟವಾದ ಮೇಲೆ ಕರ್ಮಕಥೆಯ ಒಂದೊಂದು ಅಧ್ಯಾಯವನ್ನು ಅವರಿಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಮೆಹರ್ಜಾನ್ ಮುಂದೇನು ಮಾಡುತ್ತಾಳೆಂದು ಪತ್ತೇದಾರರ ಹಾಗೆ ಊಹಿಸುತ್ತಾರೆ, ಬಹಳ ಸಲ ತಪ್ಪಾಗುತ್ತದೆ. ಇನ್ನು ಆರೇಳು ಅಧ್ಯಾಯ ಉಳಿದಿವೆ. ಅವು ಮುಗಿದ ಮೇಲೆ ಪುಸ್ತಕ ಬೇಕಾದವರು ನನ್ನನ್ನು ಕೇಳಿ, ಉಪನ್ಯಾಸಕರ ಒಪ್ಪಿಗೆ ಪಡೆದಿದ್ದೇನೆ. ರಟ್ಟು ಸ್ವಲ್ಪ ಕಿತ್ತಿದೆ, ಜೋಪಾನ.